ಮೊದಲು ತುತ್ತು, ಆಮೇಲೆ ಗುಟುಕು

ಕೇಳುಗರಿಗೆ ನಮಸ್ಕಾರ. ಶನಿವಾರದ ಈ ಹೊತ್ತಿನಲ್ಲಿ ಮ್ಯೂನಿಕ್‌ನಲ್ಲೋ ಟುರಿನ್‌ನಲ್ಲೋ ಒಲೆ ಮೇಲೆ ಸಾರು ಇಟ್ಟುಕೊಂಡು ನೀವು ಇದನ್ನು ಕೇಳುತ್ತಿದ್ದೀರಿ ಅಂದುಕೊಂಡಿದ್ದೇನೆ. ಕೈ ಸೌಟಿನ ಮೇಲಿರಲಿ, ಕಿವಿ ಮಾತ್ರ ಇಲ್ಲಿರಲಿ.

ನಾನಿರುವುದು ವಾಯುವ್ಯ ಇಟಲಿಯ ಪಿಯೆಮೊಂತೆ ಪ್ರಾಂತ್ಯದ ಆಲ್ಬಾ ಊರಿನಲ್ಲಿ. ಹನ್ನೆರಡು ವರ್ಷದಿಂದ ಇಲ್ಲಿನ ಒಂದು ಹೋಟೆಲಿನಲ್ಲಿ ವೈನ್ ಬಡಿಸುವ ಕೆಲಸ. ನಮ್ಮ ಕಡೆಯವರು ಬಂದರೆ ಮೊದಲ ಪ್ರಶ್ನೆ, "ಇಲ್ಲಿ ಎಲ್ಲಕ್ಕಿಂತ ಒಳ್ಳೇ ವೈನ್ ಯಾವುದು?" ನಾನು ಕೇಳುತ್ತೇನೆ, "ಊಟಕ್ಕೆ ಏನು ಹೇಳಿದಿರಿ?" "ಊಟ ಆಮೇಲೆ ನೋಡೋಣ, ಮೊದಲು ವೈನ್ ತನ್ನಿ" ಅನ್ನುತ್ತಾರೆ. ಎಡವುವುದು ಅಲ್ಲೇ. ಈ ಸೀಮೆಯ ವೈನನ್ನು ಬರಿಬಾಯಲ್ಲಿ ಕುಡಿಯಬಾರದು. ಮೊದಲು ತುತ್ತು, ಆಮೇಲೆ ಗುಟುಕು. ಈ ಹತ್ತು ನಿಮಿಷದಲ್ಲಿ ನಾನು ಹೇಳಬೇಕಾದದ್ದು ಇಷ್ಟೇ.

ಆಲ್ಬಾದ ಪಕ್ಕದಲ್ಲೇ ಬಾರ್ಬರೆಸ್ಕೊ ಎಂಬ ಪುಟ್ಟ ಹಳ್ಳಿಯಿದೆ. ಕೆಳಗೆ ತಾನಾರೊ ನದಿ, ಮೇಲೆ ಒಂದು ಹಳೇ ಗೋಪುರ, ಸುತ್ತ ದ್ರಾಕ್ಷಿ ತೋಟದ ಗುಡ್ಡಗಳು. ಅಲ್ಲಿ 'ಪ್ರೊದುತ್ತೋರಿ ದೆಲ್ ಬಾರ್ಬರೆಸ್ಕೊ' ಎಂಬ ವೈನರಿ ಇದೆ. ಹೆಸರಿನ ಅರ್ಥ ಬಾರ್ಬರೆಸ್ಕೊದ ಉತ್ಪಾದಕರು. ನಮ್ಮೂರ ಹಾಲು ಉತ್ಪಾದಕರ ಸಂಘ ನೆನಪಾಯಿತೇ? ಇದೂ ಅಂಥದ್ದೇ, ಬೆಳೆಗಾರರದೇ ಸಂಘ. ಡೇರಿಯಲ್ಲಿ ಫ್ಯಾಟ್ ನೋಡಿ ದುಡ್ಡು ಕೊಟ್ಟಂತೆ ಇಲ್ಲಿ ಹಣ್ಣಿನ ಗುಣ ನೋಡಿ ದುಡ್ಡು. ಆಲ್ಬಾದ ವೈನ್ ಶಾಲೆಯ ಮುಖ್ಯಸ್ಥ ದೊಮಿತ್ಸಿಯೊ ಕವಾತ್ಸಾ 1894ರಲ್ಲಿ ಒಂಬತ್ತು ಬೆಳೆಗಾರರನ್ನು ಸೇರಿಸಿ ಹಳ್ಳಿಯ ಮೊದಲ ಸಂಘ ಕಟ್ಟಿದರು. ಫ್ಯಾಸಿಸ್ಟರ ಕಾಲದಲ್ಲಿ ಅದು ಮುಚ್ಚಿಹೋಯಿತು. 1958ರಲ್ಲಿ ಊರಿನ ಪಾದ್ರಿಯೇ ಮುಂದೆ ನಿಂತು ಹತ್ತೊಂಬತ್ತು ಸಣ್ಣ ರೈತರನ್ನು ಒಟ್ಟುಗೂಡಿಸಿದರು. ಮೊದಲ ಮೂರು ಸುಗ್ಗಿಯ ವೈನ್ ತಯಾರಾದದ್ದು ಚರ್ಚಿನ ನೆಲಮಾಳಿಗೆಯಲ್ಲಿ! ಈಗ ಐವತ್ತಕ್ಕೂ ಹೆಚ್ಚು ಕುಟುಂಬಗಳಿವೆ. ಅವರು ಹಿಡಿದಿರುವುದು ಒಂದೇ ದ್ರಾಕ್ಷಿ ತಳಿ, ನೆಬ್ಬಿಯೋಲೊ. ಅದರಿಂದ ಮಾಡುವ ವೈನಿಗೂ ಹಳ್ಳಿಯದೇ ಹೆಸರು, ಬಾರ್ಬರೆಸ್ಕೊ.

'ನೆಬ್ಬಿಯಾ' ಅಂದರೆ ಮಂಜು. ಅಕ್ಟೋಬರಿನಲ್ಲಿ ಗುಡ್ಡದ ಬುಡಕ್ಕೆ ಮಂಜು ಇಳಿಯುವ ಹೊತ್ತಿಗೆ ಮಾಗುವ ದ್ರಾಕ್ಷಿ ಇದು. ವೈನಿನ ಬಣ್ಣ ತೆಳು, ಲೋಟದ ಆಚೆ ಹಿಡಿದ ಬೆರಳು ಕಾಣುತ್ತದೆ. ಬಣ್ಣ ನೋಡಿ ಸೌಮ್ಯ ಅಂದುಕೊಳ್ಳಬೇಡಿ. ಬಾಯಿಗೆ ಹೋದರೆ ಒಗರು!

ಆ ಒಗರು ನನಗೆ ಮೊದಲು ತಾಗಿದ ದಿನದ ಕತೆ ಹೇಳುತ್ತೇನೆ. ನಾನು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯವನು. ಇಲ್ಲಿಗೆ ಬಂದ ವಾರದಲ್ಲೇ ಬಾಡಿಗೆ ಮನೆಯ ಅಜ್ಜಿ ಭಾನುವಾರ ಊಟಕ್ಕೆ ಕರೆದರು. ಹೋದೆ. ಮೇಜಿನ ಮೇಲೆ ಬಾರ್ಬರೆಸ್ಕೊ ಬಾಟಲಿ ತೆರೆದಿಟ್ಟಿತ್ತು. ಅವರ ಮಗ ಲೋಟಕ್ಕೆ ಬಗ್ಗಿಸಿಕೊಟ್ಟರು. ಮೂಗಿಗೆ ಹಿಡಿದರೆ ಒಣಗಿದ ಗುಲಾಬಿಯ ಪರಿಮಳ. ನಿಂತಲ್ಲೇ ಒಂದು ಗುಟುಕು ಕುಡಿದೆ. ಅಡಿಕೆ ಬೇಯಿಸಿದ ಹಂಡೆಯ ಚೊಗರು ನಾಲಿಗೆಗೆ ತಾಗಿದ ಹಾಗಾಯಿತು. ತುಟಿಯ ಒಳಭಾಗ ಹಲ್ಲಿಗೆ ಅಂಟಿಕೊಂಡಿತು. ಬಾಟಲಿ ಕೆಟ್ಟಿದೆ ಅಂತಲೇ ತಿಳಿದು ಲೋಟ ಕೆಳಗಿಟ್ಟೆ.

ಅಜ್ಜಿ ನೋಡಿದರು. ಏನೂ ಅನ್ನಲಿಲ್ಲ, ಅಡುಗೆಮನೆಗೆ ಕರೆದರು. ಹಲಗೆಯ ಮೇಲೆ ಹಳದಿ ಹಾಳೆಯಂತೆ ಲಟ್ಟಿಸಿದ ಹಿಟ್ಟು. ಒಂದು ಕಿಲೋ ಹಿಟ್ಟಿಗೆ ಮೂವತ್ತು ಮೊಟ್ಟೆಯ ಹಳದಿ, ನೀರು ಒಂದು ಹನಿಯೂ ಇಲ್ಲ ಅಂದರು. ಹಾಳೆಯನ್ನು ಚಾಪೆಯಂತೆ ಸುತ್ತಿ, ಬೆರಳಿನ ಗೆಣ್ಣು ಚಾಕುವಿಗೆ ಒತ್ತಿಟ್ಟುಕೊಂಡು ಸರಸರನೆ ಹೆಚ್ಚಿದರು. ಬಿಡಿಸಿದರೆ ನಮ್ಮ ಶ್ಯಾವಿಗೆಯಷ್ಟು ಸಣ್ಣ ಎಳೆ. ಇದಕ್ಕೆ 'ತಾಯರಿನ್' ಅನ್ನುತ್ತಾರೆ. ಕುದಿಯುವ ನೀರಿಗೆ ಹಾಕಿ ಎರಡು ನಿಮಿಷಕ್ಕೆ ತೆಗೆದು, ಬೆಣ್ಣೆಯಲ್ಲಿ ಹೊರಳಿಸಿ ತಟ್ಟೆಗೆ ಹಾಕಿ, "ಮಾಂಜಾ" ಅಂದರು. ತಿನ್ನು ಅಂತ.

ತಿಂದೆ. ಬೆಣ್ಣೆಯ ಜಿಡ್ಡು ಬಾಯಲ್ಲಿ ಇರುವಾಗಲೇ ಅದೇ ಲೋಟ ಎತ್ತಿ ಕೈಗೆ ಕೊಟ್ಟರು. ಕುಡಿದೆ. ಒಗರು ಎಲ್ಲಿ ಹೋಯಿತು? ಚೆರ್‍ರಿ ಹಣ್ಣು, ಗುಲಾಬಿ, ಮಳೆಗೆ ನೆಂದ ಮಣ್ಣು ಒಂದೊಂದಾಗಿ ಬಂದವು. ಬಾಯಿ ಚೊಕ್ಕವಾಗಿ ಇನ್ನೊಂದು ತುತ್ತು ಬೇಕು ಅನ್ನಿಸಿತು. ಅದೇ ಬಾಟಲಿ, ಅದೇ ಲೋಟ. ನಡುವೆ ಬಂದದ್ದು ಒಂದು ತುತ್ತು.

ಕಾರಣ ಸರಳ. ಒಗರು ಮೊದಲು ನಮ್ಮ ಎಂಜಲಿನ ಪ್ರೋಟೀನನ್ನು ಹಿಡಿಯುತ್ತದೆ, ಬಾಯಿ ಒಣಗುತ್ತದೆ. ಬಾಯಲ್ಲಿ ಬೆಣ್ಣೆ, ಮೊಟ್ಟೆ, ಮಾಂಸ, ಚೀಸ್ ಇದ್ದರೆ ಅದಕ್ಕೆ ಅಂಟಿಕೊಳ್ಳುತ್ತದೆ, ನಮ್ಮನ್ನು ಬಿಡುತ್ತದೆ. ಅದಕ್ಕೇ ಹೇಳುವುದು, ಮೊದಲು ತುತ್ತು, ಆಮೇಲೆ ಗುಟುಕು.

ಕತೆಯೇ ಅರ್ಧ ಹೊತ್ತು ತಿಂದಿತು, ಉಳಿದದ್ದು ಬೇಗ ಹೇಳುತ್ತೇನೆ. ಬಾರ್ಬರೆಸ್ಕೊ ಕಾನೂನಿನ ಪ್ರಕಾರ 26 ತಿಂಗಳು ಮಾಗಬೇಕು, ರಿಸೆರ್ವಾ ಅಂತ ಬರೆದಿದ್ದರೆ 50 ತಿಂಗಳು. ಈ ಸಂಘ ಒಳ್ಳೇ ವರ್ಷಗಳಲ್ಲಿ ಒಂಬತ್ತು ತೋಟಗಳ ರಿಸೆರ್ವಾ ಬೇರೆಬೇರೆಯಾಗಿ ತುಂಬುತ್ತದೆ. ಅದರಲ್ಲಿ ಮೊಂತೆಸ್ತೆಫಾನೊ ಗಡುಸು, ವೈನಿನಲ್ಲೇ ಗಂಟೆಗಟ್ಟಲೆ ಬೆಂದ ದನದ ಮಾಂಸ 'ಬ್ರಸಾತೊ'ಗೆ ಅದು. ಅಸಿಲಿ ನಾಜೂಕು. ಸಸ್ಯಾಹಾರಿಗಳು ನಮಗೇನಿದೆ ಅಂತ ಮುಖ ಬಾಡಿಸಬೇಡಿ. ಇದೇ ಪ್ರಾಂತ್ಯದ ವೆರ್ಚೆಲ್ಲಿ ಗದ್ದೆಗಳ ಅಕ್ಕಿಯಲ್ಲಿ, ಬೆಣ್ಣೆ ಚೀಸ್ ಹಾಕಿ ಮಾಡಿದ ಅಣಬೆಯ ರಿಸೊತ್ತೊ ಇದೆ. ಅದರ ಜೊತೆ 'ಲಾಂಗೆ ನೆಬ್ಬಿಯೋಲೊ' ಎಂಬ ವೈನ್ ತೆಗೆದುಕೊಳ್ಳಿ. ಅದೇ ಸಂಘದ್ದು, ಬೆಲೆಯೂ ಕಡಿಮೆ.

ಬೆಳ್ಳುಳ್ಳಿ, ಆಂಚೊವಿ ಮೀನು, ಆಲಿವ್ ಎಣ್ಣೆ ಬಿಸಿ ಮಾಡಿ ತರಕಾರಿ ಅದ್ದಿಕೊಂಡು ತಿನ್ನುವ 'ಬಾಞಾ ಕಾವ್ದಾ'ಗೆ ನೆಬ್ಬಿಯೋಲೊ ಬೇಡ. ಅದಕ್ಕೆ ಪಕ್ಕದ ತೋಟಗಳ ಬಾರ್ಬೆರಾ ಎಂಬ ಇನ್ನೊಂದು ದ್ರಾಕ್ಷಿಯ ವೈನ್ ಇದೆ. ಅದರ ಹುಳಿ ಎಣ್ಣೆಯನ್ನು ಕತ್ತರಿಸುತ್ತದೆ.

ಇನ್ನು ನಿಮ್ಮ ಒಲೆ ಮೇಲಿನ ಸಾರು. ದಯವಿಟ್ಟು ಬಾರ್ಬರೆಸ್ಕೊ ಬಾಟಲಿ ಅದರ ಪಕ್ಕ ಇಡಬೇಡಿ. ಮೆಣಸಿನಕಾಯಿ ಖಾರಕ್ಕೆ ಒಗರು ಸೇರಿದರೆ ನಾಲಿಗೆ ಉರಿಯುತ್ತದೆ, ಊಟವೂ ಕೆಟ್ಟಿತು, ವೈನೂ ಕೆಟ್ಟಿತು. ಎಷ್ಟು ಮನೆಗಳಲ್ಲಿ ನೋಡಿದ್ದೇನೆ! ದುಬಾರಿ ಬಾಟಲಿ, ಪಕ್ಕದಲ್ಲಿ ಖಾರದ ಶೇಂಗಾ. ಖಾರದ ಊಟವೇ ಇದ್ದರೆ ಮೊಸ್ಕಾತೊ ದಾಸ್ತಿ ತನ್ನಿ. ಸಿಹಿ, ಸಣ್ಣ ಗುಳ್ಳೆ, ಆಲ್ಕೋಹಾಲ್ ಶೇಕಡಾ 5ರ ಆಸುಪಾಸು. ಫ್ರಿಜ್ಜಿನಲ್ಲಿಟ್ಟು ಚೆನ್ನಾಗಿ ತಣ್ಣಗಾಗಿಸಿ. ಇಲ್ಲಿಯವರು ಅದನ್ನು ಹೇಜಲ್‌ನಟ್ ಕೇಕಿನ ಜೊತೆ ಕುಡಿಯುತ್ತಾರೆ. ಮಕ್ಕಳ ನುಟೆಲ್ಲಾ ಹುಟ್ಟಿದ್ದೂ ಇದೇ ಆಲ್ಬಾದಲ್ಲಿ, ಇದೇ ಬೀಜದಿಂದ.

ನಾಳೆ ಭಾನುವಾರ. ಬಾಟಲಿಯನ್ನು ಊಟಕ್ಕೆ ಒಂದು ಗಂಟೆ ಮೊದಲೇ ಅಗಲ ಬಾಯಿಯ ಜಗ್ಗಿಗೆ ಬಗ್ಗಿಸಿಡಿ. ತಟ್ಟೆ ಮೇಜಿಗೆ ಬರುವ ತನಕ ಯಾರಿಗೂ ಲೋಟ ಕೊಡಬೇಡಿ. ನಮಸ್ಕಾರ.