ಅಭಿಪ್ರಾಯಕ್ಕೂ ಮೊದಲಿನ ವಾಕ್ಯ

ಸ್ನೇಹಿತರೇ, ಎಲ್ಲರಿಗೂ ನಮಸ್ಕಾರ.

ದಿನದ ಸುದ್ದಿ, ಬಿಡುಗಡೆಯಾದ ಸಿನಿಮಾ, ಕಣ್ಣೆದುರಿನ ಒಂದು ಅನ್ಯಾಯ, ಇವುಗಳ ಬಗ್ಗೆ ಬರೆಯುವ ಕೆಲಸ ಈಗ ಪತ್ರಿಕೆಯವರದ್ದು ಮಾತ್ರವಲ್ಲ. ಫೋನ್ ಹಿಡಿದವರೆಲ್ಲ ಒಂದಲ್ಲ ಒಂದು ದಿನ ಬರೆಯುತ್ತಾರೆ. ಬರೆಯಲೂಬೇಕು. ಆದರೆ ಇಂಥ ಬರಹ ಎಲ್ಲಿ ಎಡವುತ್ತದೆ ಎಂದು ಹುಡುಕುತ್ತಾ ಹೋದರೆ, ಬರೆದವರ ಮನಸ್ಸು ಕೆಟ್ಟದ್ದಾಗಿರುವುದು ಅಪರೂಪ. ಅವರಿಗೆ ಬಂದ ಕೋಪ ನ್ಯಾಯವಾದದ್ದೇ ಆಗಿರುತ್ತದೆ. ಆ ಕೋಪಕ್ಕೆ ಆಧಾರವಾಗಿ ನಿಂತ, ಅದಕ್ಕೂ ಹಿಂದಿನ ವಾಕ್ಯ ಸುಳ್ಳಾಗಿರುತ್ತದೆ. ‘ಹೀಗಾಯಿತು’ ಎನ್ನುವ ವಾಕ್ಯ. ಇವತ್ತು ನಾನು ಮಾತಾಡುವುದು ಆ ಒಂದು ವಾಕ್ಯವನ್ನು ಗಟ್ಟಿ ಮಾಡಿಕೊಳ್ಳುವ ಬಗ್ಗೆ.

ಬರೆಯಲು ಕೂತಾಗ ಮೊದಲು ಮೂರು ಸಾಲು ಬೇರೆಬೇರೆಯಾಗಿ ಬರೆದುಕೊಳ್ಳಿ. ಮೊದಲ ಸಾಲಿನಲ್ಲಿ ಏನಾಯಿತು, ಎಲ್ಲಿ, ಯಾವ ದಿನ. ಎರಡನೆಯದರಲ್ಲಿ ಅದನ್ನು ಹೇಳಿದವರು ಯಾರು, ಅವರು ಅಲ್ಲಿದ್ದರೇ, ಇಲ್ಲದಿದ್ದರೆ ಅವರಿಗೆ ಗೊತ್ತಾದದ್ದು ಹೇಗೆ. ಮೂರನೆಯದರಲ್ಲಿ ನಿಮಗೆ ಅನ್ನಿಸಿದ್ದು. ಮೊದಲ ಸಾಲಿನಲ್ಲಿ ‘ನಾಚಿಕೆಗೇಡಿನ’, ‘ಭೀಕರ’ ಇಂಥ ವಿಶೇಷಣ ನುಸುಳಿದ್ದರೆ ಅದು ಮೂರನೆಯ ಸಾಲಿನಿಂದ ಜಾರಿ ಬಂದದ್ದು. ಹೊಡೆದು ಹಾಕಿ. ಎರಡನೆಯ ಸಾಲಿನಲ್ಲಿ ‘ಎಲ್ಲರೂ ಹೇಳುತ್ತಿದ್ದಾರೆ’ ಎಂದಷ್ಟೇ ಬರೆಯಲು ಸಾಧ್ಯವಾದರೆ ಆ ವಿಷಯ ಬರಹಕ್ಕೆ ಇನ್ನೂ ಸಿದ್ಧವಾಗಿಲ್ಲ.

ಕಾಯುವುದು ಕಷ್ಟ, ನಿಜ. ಸುಳ್ಳು ಓಡುವ ವೇಗ ನಮ್ಮನ್ನು ತಳ್ಳುತ್ತಿರುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಿದಾಡಿದ ಸುಮಾರು 1,26,000 ಸುದ್ದಿಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ನಿಜ ಸುದ್ದಿ 1,500 ಜನರನ್ನು ಮುಟ್ಟಲು ಸುಳ್ಳಿಗಿಂತ ಸುಮಾರು ಆರು ಪಟ್ಟು ಹೆಚ್ಚು ಸಮಯ ತೆಗೆದುಕೊಂಡಿತ್ತು. ತಂತ್ರಾಂಶವೇ ನಡೆಸುವ ಯಾಂತ್ರಿಕ ಖಾತೆಗಳನ್ನು ಲೆಕ್ಕದಿಂದ ತೆಗೆದ ಮೇಲೂ ಫಲಿತಾಂಶ ಬದಲಾಗಲಿಲ್ಲ. ಸುಳ್ಳಿಗೆ ಆ ವೇಗ ಕೊಟ್ಟವರು ಮನುಷ್ಯರೇ, ಹಂಚುವ ಗುಂಡಿ ಒತ್ತಿದ ಸಾಮಾನ್ಯ ಓದುಗರು.

ದೊಡ್ಡ ಅವಘಡ ನಡೆದ ಮೊದಲ ಗಂಟೆಗಳಲ್ಲಿ ಮೂರು ಸಂಗತಿ ಹೆಚ್ಚಾಗಿ ತಪ್ಪಾಗುತ್ತವೆ: ಸತ್ತವರ ಸಂಖ್ಯೆ, ಆರೋಪಿಯ ಹೆಸರು, ಕೃತ್ಯದ ಉದ್ದೇಶ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರದ ವಾರಗಳಲ್ಲಿ ನ್ಯೂಯಾರ್ಕಿನಲ್ಲಿ ಸತ್ತವರು, ಕಾಣೆಯಾದವರು ಸೇರಿ 6,000ಕ್ಕೂ ಹೆಚ್ಚು ಎಂಬ ಲೆಕ್ಕವಿತ್ತು. ಕೊನೆಗೆ ವರ್ಲ್ಡ್ ಟ್ರೇಡ್ ಸೆಂಟರ್‌ನ ಸಂಖ್ಯೆ 2,753ಕ್ಕೆ ನಿಂತಿತು. ಹೆಚ್ಚಿನವರು ಸುಳ್ಳು ಹೇಳಿರಲಿಲ್ಲ. ಒಬ್ಬರ ಬಗ್ಗೆಯೇ ಮನೆಯವರು, ಕಚೇರಿಯವರು, ಗೆಳೆಯರು ಬೇರೆಬೇರೆ ಕಡೆ ದೂರು ಕೊಟ್ಟಿದ್ದರು. ಪಟ್ಟಿಗಳನ್ನು ಹೋಲಿಸಿ ಪುನರಾವರ್ತನೆ ತೆಗೆಯಲು ತಿಂಗಳುಗಳು ಹಿಡಿದವು. 2013ರ ಬೋಸ್ಟನ್ ಮ್ಯಾರಥಾನ್ ಸ್ಫೋಟದ ನಂತರ ಅಂತರ್ಜಾಲದಲ್ಲಿ ಫೋಟೋ ಹೋಲಿಸುತ್ತಾ ಕೂತವರು ಏನೂ ಸಂಬಂಧವಿಲ್ಲದ ಒಬ್ಬ ವಿದ್ಯಾರ್ಥಿಯನ್ನು ಅಪರಾಧಿ ಎಂದು ಹೆಸರಿಸಿದರು. ಆ ಕುಟುಂಬ ಅನುಭವಿಸಿದ್ದನ್ನು ಯಾವ ತಿದ್ದುಪಡಿಯೂ ವಾಪಸ್ ಪಡೆಯಲಾರದು. ಆದ್ದರಿಂದ ಮೊದಲ ದಿನ ಬರೆಯಲೇಬೇಕಾದರೆ ಈ ಮೂರನ್ನು ಬಿಟ್ಟು ಬರೆಯಿರಿ. ಸಂಖ್ಯೆ ಕೊಡಲೇಬೇಕಾದರೆ ಅದನ್ನು ಹೇಳಿದವರು ಯಾರು, ಎಷ್ಟು ಗಂಟೆಗೆ ಎಂಬುದನ್ನೂ ಸೇರಿಸಿ.

ಸುದ್ದಿ ಮಾನ್ಯತೆ ಪಡೆದ ಖಾತೆಯಿಂದ ಬಂದರೆ ಸಾಕೇ? 2013ರ ಏಪ್ರಿಲ್ 23ರಂದು ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನ ಟ್ವಿಟರ್ ಖಾತೆಗೆ ಕನ್ನ ಹಾಕಿದವರು ಶ್ವೇತಭವನದಲ್ಲಿ ಸ್ಫೋಟ, ಅಧ್ಯಕ್ಷ ಒಬಾಮಾಗೆ ಗಾಯ ಎಂದು ಒಂದು ಸಾಲು ಹಾಕಿದರು. ಕೆಲವೇ ನಿಮಿಷಗಳಲ್ಲಿ ಅಮೆರಿಕದ ಷೇರು ಸೂಚ್ಯಂಕ ಕುಸಿದು, ಸುಳ್ಳೆಂದು ತಿಳಿದ ಮೇಲೆ ಮೇಲೆದ್ದಿತು. ಅಂಥ ಘಟನೆ ನಿಜವಾಗಿದ್ದರೆ ಬೇರೆ ಹತ್ತು ಸಂಸ್ಥೆಗಳೂ ಆ ಕ್ಷಣದಲ್ಲೇ ಹೇಳುತ್ತಿದ್ದವು. ಎರಡನೆಯ ಮೂಲ ಬೇಕು ಎನ್ನುವುದು ಇದಕ್ಕೇ.

ಆದರೆ ಎರಡನೆಯ ಮೂಲವನ್ನು ಎಣಿಸುವುದರಲ್ಲೂ ಮೋಸ ಹೋಗುತ್ತೇವೆ. ಹತ್ತು ಜಾಲತಾಣಗಳಲ್ಲಿ ಒಂದೇ ವಾಕ್ಯ ಪದಶಃ ಇದ್ದರೆ ಅವೆಲ್ಲ ಒಂದೇ ಸುದ್ದಿಸಂಸ್ಥೆಯ ಪ್ರತಿ, ಲೆಕ್ಕಕ್ಕೆ ಒಂದೇ. ವರದಿಯೊಳಗೆ ‘ಎಂದು ಇಂಥವರು ತಿಳಿಸಿದ್ದಾರೆ’ ಎನ್ನುವ ಜಾಗ ಹುಡುಕಿ, ಅಲ್ಲಿಂದ ಹಿಂದಕ್ಕೆ ನಡೆಯಿರಿ. ಹಲವು ಸಲ ಮೂರು ಹೆಜ್ಜೆ ಹೋದರೆ ಒಂದೇ ಒಂದು ಅನಾಮಧೇಯ ಪೋಸ್ಟ್ ಸಿಗುತ್ತದೆ.

ಅಪರಿಚಿತ ತಾಣ ಎದುರಾದಾಗ ಒಳಗೆ ಕೂತು ಅದರ ವಿನ್ಯಾಸ, ಲಾಂಛನ, ‘ನಮ್ಮ ಬಗ್ಗೆ’ ಪುಟ ಓದುತ್ತಾ ಕಾಲ ಕಳೆಯಬೇಡಿ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರಾದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಅವರು 10 ಇತಿಹಾಸಕಾರರು, 10 ವೃತ್ತಿಪರ ಸತ್ಯಪರಿಶೀಲಕರು, 25 ವಿದ್ಯಾರ್ಥಿಗಳಿಗೆ ಜಾಲತಾಣಗಳನ್ನು ಕೊಟ್ಟು ನೋಡಿದರು. ಪಂಡಿತರೂ ವಿದ್ಯಾರ್ಥಿಗಳೂ ಪುಟದೊಳಗೇ ಉಳಿದು ಹಲವು ಸಲ ಮೋಸಹೋದರು. ಸತ್ಯಪರಿಶೀಲಕರು ಬೇಗನೆ ಪುಟ ಬಿಟ್ಟು ಹೊಸ ಟ್ಯಾಬ್ ತೆರೆದು, ಆ ತಾಣದ ಬಗ್ಗೆ ಹೊರಗಿನವರು ಏನು ಹೇಳುತ್ತಾರೆ ಎಂದು ಹುಡುಕಿ ಕಡಿಮೆ ಸಮಯದಲ್ಲಿ ಸರಿಯಾದ ತೀರ್ಮಾನಕ್ಕೆ ಬಂದರು. ಅಭ್ಯಾಸ ಮಾಡಿಕೊಂಡರೆ ಇದು ಕೆಲವೇ ನಿಮಿಷದ ಕೆಲಸ.

ಈಗ ಚಿತ್ರಗಳು. ಬಹುಪಾಲು ಸುಳ್ಳು ಚಿತ್ರಗಳನ್ನು ಯಾರೂ ತಿದ್ದಿರುವುದೇ ಇಲ್ಲ. ಬೇರೆ ದೇಶದ, ಬೇರೆ ವರ್ಷದ ನಿಜವಾದ ಫೋಟೋಗೆ ಇವತ್ತಿನ ಶೀರ್ಷಿಕೆ ಅಂಟಿಸಿರುತ್ತಾರೆ. ಆದ್ದರಿಂದ ‘ಇದು ನಕಲಿಯೇ?’ ಎಂದು ಕೇಳುವುದಕ್ಕಿಂತ ‘ಇದು ಮೊದಲು ಕಾಣಿಸಿಕೊಂಡದ್ದು ಯಾವಾಗ?’ ಎಂದು ಕೇಳಿ. ಚಿತ್ರವನ್ನು ಉಳಿಸಿಕೊಂಡು, ಚಿತ್ರ ಕೊಟ್ಟರೆ ಅದು ಇರುವ ಪುಟಗಳನ್ನು ಹುಡುಕಿಕೊಡುವ ಗೂಗಲ್ ಲೆನ್ಸ್, ಟಿನ್‌ಐ, ಯಾಂಡೆಕ್ಸ್ ಈ ಮೂರರಲ್ಲೂ ಹಾಕಿ ನೋಡಿ. ಒಂದಕ್ಕೆ ಸಿಗದ್ದು ಇನ್ನೊಂದಕ್ಕೆ ಸಿಗುತ್ತದೆ. ಟಿನ್‌ಐನಲ್ಲಿ ಫಲಿತಾಂಶಗಳನ್ನು ಹಳೆಯದು ಮೊದಲು ಬರುವಂತೆ ಜೋಡಿಸಬಹುದು. ಏನೂ ಸಿಗದಿದ್ದರೆ ಚಿತ್ರದ ಅಂಚಿನ ಬರಹ, ಎಮೋಜಿಗಳನ್ನು ಕತ್ತರಿಸಿ, ಕಟ್ಟಡವನ್ನೋ ನಾಮಫಲಕವನ್ನೋ ಮಾತ್ರ ಉಳಿಸಿ ಮತ್ತೆ ಹುಡುಕಿ. ಎಡಬಲ ತಿರುಗಿಸಿಯೂ ಒಮ್ಮೆ ನೋಡಿ. ಹುಡುಕಾಟ ತಪ್ಪಿಸಲೆಂದೇ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಹಾಕುವವರಿದ್ದಾರೆ. ಫಲಕದ ಅಕ್ಷರ ಉಲ್ಟಾ ಇದ್ದರೆ ಗೊತ್ತಾಗಿಬಿಡುತ್ತದೆ.

ವಿಡಿಯೋ ಆದರೆ ದೃಶ್ಯ ಬದಲಾಗುವ ಜಾಗಗಳಲ್ಲಿ ನಾಲ್ಕೈದು ಸ್ಕ್ರೀನ್‌ಶಾಟ್ ತೆಗೆದು ಇದೇ ರೀತಿ ಹುಡುಕಬೇಕು. ಇನ್‌ವಿಡ್ ಎಂಬ ಉಚಿತ ಬ್ರೌಸರ್ ಸಲಕರಣೆ ಈ ಚೌಕಟ್ಟುಗಳನ್ನು ತಾನೇ ತೆಗೆದುಕೊಡುತ್ತದೆ. ಕಣ್ಣು ಹಾಯಿಸಬೇಕಾದದ್ದು ಮುಖ್ಯ ಘಟನೆಯ ಮೇಲಲ್ಲ, ಹಿನ್ನೆಲೆಯ ಮೇಲೆ: ಅಂಗಡಿ ಫಲಕದ ಲಿಪಿ, ವಾಹನದ ನೋಂದಣಿ ಫಲಕದ ಬಣ್ಣ, ವಾಹನಗಳು ಚಲಿಸುವ ಬದಿ, ಜನ ತೊಟ್ಟ ಬಟ್ಟೆ ಚಳಿಗಾಲದ್ದೋ ಬೇಸಿಗೆಯದ್ದೋ. ಫೋಟೋ ತೆಗೆದ ದಿನ, ಜಾಗದ ಮಾಹಿತಿ ಕಡತದೊಳಗೇ ಇರುತ್ತದೆಂದು ಕೆಲವರು ನೆಚ್ಚಿಕೊಳ್ಳುತ್ತಾರೆ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಬಂದದ್ದರಲ್ಲಿ ಅದು ಅಳಿಸಿಹೋಗಿರುತ್ತದೆ. ಅಲ್ಲಿ ಹುಡುಕಿ ಫಲವಿಲ್ಲ.

ಪ್ರವಾಹದ ಹೆದ್ದಾರಿಯಲ್ಲಿ ಈಜುವ ಶಾರ್ಕ್‌ನ ಚಿತ್ರವನ್ನು ನೀವೂ ನೋಡಿರಬಹುದು. ಶಾರ್ಕ್ ನಿಜವಾದದ್ದೇ: ದಕ್ಷಿಣ ಆಫ್ರಿಕಾದ ಕಡಲಲ್ಲಿ ಪುಟ್ಟ ದೋಣಿಯ ಹಿಂದೆ ಸಾಗುತ್ತಿದ್ದ ಬಿಳಿ ಶಾರ್ಕ್, ಥಾಮಸ್ ಪೆಶಾಕ್ ತೆಗೆದ ಪ್ರಸಿದ್ಧ ಫೋಟೋ. ಅದನ್ನು ಕತ್ತರಿಸಿ 2011ರ ಐರೀನ್ ಚಂಡಮಾರುತದ ರಸ್ತೆಗೆ ಅಂಟಿಸಿದರು. 2017ರಲ್ಲಿ ಹಾರ್ವೆ ಚಂಡಮಾರುತ ಬಂದಾಗ ಅದೇ ಚಿತ್ರ ಹ್ಯೂಸ್ಟನ್ನಿನದ್ದಾಯಿತು. ಆದರೆ 2022ರಲ್ಲಿ ಇಯಾನ್ ಚಂಡಮಾರುತದ ಸಮಯದಲ್ಲಿ ಫ್ಲಾರಿಡಾದ ಒಂದು ಹಿತ್ತಲಿನ ನೀರಿನಲ್ಲಿ ಶಾರ್ಕ್‌ನಂಥ ದೊಡ್ಡ ಮೀನು ಒದ್ದಾಡುವ ವಿಡಿಯೋ ಬಂತು. ಹಳೆಯ ಸುಳ್ಳು ಗೊತ್ತಿದ್ದವರು ತಕ್ಷಣ ನಕಲಿ ಎಂದರು. ಪರಿಶೀಲಿಸಿದರೆ ಅದು ನಿಜ. ಅನುಮಾನವೂ ಒಂದು ಅಭಿಪ್ರಾಯವೇ. ಅದಕ್ಕೂ ಮೊದಲಿನ ವಾಕ್ಯವನ್ನು ಪರಿಶೀಲಿಸಲೇಬೇಕು.

ಕೃತಕ ಬುದ್ಧಿಮತ್ತೆಯ ಚಿತ್ರಗಳ ಬಗ್ಗೆ ಎರಡು ಮಾತು. 2023ರ ಮಾರ್ಚ್‌ನಲ್ಲಿ ಪೋಪ್ ಫ್ರಾನ್ಸಿಸ್ ಉಬ್ಬಿದ ಬಿಳಿ ಕೋಟು ತೊಟ್ಟ ಚಿತ್ರ ಹರಡಿದಾಗ ಬೆರಳುಗಳ ವಿಕಾರ ನೋಡಿ ಹಿಡಿಯಬಹುದಿತ್ತು. ಈಗ ಬೆರಳು ನೋಡಿ ಹಿಡಿಯುವುದನ್ನು ನಂಬುವಂತಿಲ್ಲ. ‘ಇದು ಕೃತಕವೇ’ ಎಂದು ಹೇಳುವ ತಂತ್ರಾಂಶಗಳು ಎರಡೂ ಕಡೆ ತಪ್ಪುತ್ತವೆ, ನಿಜವನ್ನು ಕೃತಕ ಎನ್ನುತ್ತವೆ, ಕೃತಕವನ್ನು ನಿಜ ಎನ್ನುತ್ತವೆ. ಹೆಚ್ಚು ನೆಚ್ಚಬಹುದಾದ ಪ್ರಶ್ನೆ ಬೇರೆ: ಜನನಿಬಿಡ ಜಾಗದಲ್ಲಿ ಇಷ್ಟು ದೊಡ್ಡ ಘಟನೆ ನಡೆದಿದ್ದರೆ ಇನ್ನೊಂದು ಕೋನದಿಂದ ತೆಗೆದ ವಿಡಿಯೋ ಎಲ್ಲಿ?

ಅಂಕಿಗಳ ವಿಷಯಕ್ಕೆ ಬಂದರೆ, ಇಲ್ಲಿ ಆಗುವ ಹಾನಿ ಕಣ್ಣಿಗೆ ಕಾಣುವುದಿಲ್ಲ. 1995ರಲ್ಲಿ ಬ್ರಿಟನ್ನಿನಲ್ಲಿ, ಹೊಸ ಬಗೆಯ ಗರ್ಭನಿರೋಧಕ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಎಂಬ ಎಚ್ಚರಿಕೆ ಹೊರಬಿತ್ತು. ಮಾತು ಸುಳ್ಳಲ್ಲ. ಆದರೆ ಏರಿಕೆ 7,000 ಮಹಿಳೆಯರಲ್ಲಿ ಒಬ್ಬರಿಂದ ಇಬ್ಬರಿಗೆ. ಆ ಎರಡನೆಯ ಮಾಹಿತಿ ಶೀರ್ಷಿಕೆಗಳಲ್ಲಿ ಇರಲಿಲ್ಲ. ಹೆದರಿದ ಮಹಿಳೆಯರು ಮಾತ್ರೆ ನಿಲ್ಲಿಸಿದರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಂದಾಜು 13,000 ಗರ್ಭಪಾತಗಳು ಹೆಚ್ಚಾದವು. ಗರ್ಭಧಾರಣೆಯಲ್ಲೂ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ, ಆ ಮಾತ್ರೆಗಿಂತ ಹೆಚ್ಚು. ಯಾವುದೇ ‘ಎರಡು ಪಟ್ಟು’, ‘ಶೇ. 50 ಏರಿಕೆ’ ಕಂಡಾಗ, ಎಷ್ಟರಿಂದ ಎಷ್ಟಕ್ಕೆ, ಎಷ್ಟು ಜನರಲ್ಲಿ ಎಂದು ಬರೆಯಲು ಸಾಧ್ಯವೇ ನೋಡಿ. ಸಾಧ್ಯವಾಗದಿದ್ದರೆ ಆ ಅಂಕಿಯನ್ನು ಬಿಟ್ಟುಬಿಡಿ.

ಸಮೀಕ್ಷೆಗಳಲ್ಲೂ ಹೀಗೆಯೇ. 1,000 ಜನರನ್ನು ಯಾದೃಚ್ಛಿಕವಾಗಿ ಆರಿಸಿ ಕೇಳಿದರೆ ಫಲಿತಾಂಶ ಸುಮಾರು ಮೂರು ಶೇಕಡಾ ಅಂಶ ಅತ್ತಿತ್ತ ಆಗಬಹುದು. ಅದರೊಳಗಿನ 100 ಯುವಕರ ಉತ್ತರವನ್ನಷ್ಟೇ ಎತ್ತಿಕೊಂಡರೆ ದೋಷ ಸುಮಾರು ಹತ್ತು ಶೇಕಡಾ ಅಂಶ. ‘ಯುವಜನರು ಹೀಗೆ ಯೋಚಿಸುತ್ತಾರೆ’ ಎಂಬ ಲೇಖನಗಳಲ್ಲಿ ಎಷ್ಟೋ ಇಂಥ ಚಿಕ್ಕ ಗುಂಪಿನ ಮೇಲೆ ನಿಂತಿವೆ. ತಾವಾಗಿ ಬಂದು ಗುಂಡಿ ಒತ್ತಿದವರ ಆನ್‌ಲೈನ್ ಮತಗಳಿಗಂತೂ ಇಂಥ ದೋಷಮಿತಿಯ ಲೆಕ್ಕವೇ ಅನ್ವಯಿಸದು. ಬಂದವರು ಯಾರೆಂದೇ ತಿಳಿಯದು.

ಆರೋಗ್ಯದ ಸುದ್ದಿಯಲ್ಲಿ, ಎಷ್ಟು ಜನ, ಎಷ್ಟು ಅಳತೆ ಎಂದು ಕೇಳಿ. 2015ರಲ್ಲಿ ಪತ್ರಕರ್ತ ಜಾನ್ ಬೊಹಾನನ್, ಚಾಕೊಲೇಟ್ ತಿಂದರೆ ತೂಕ ಬೇಗ ಇಳಿಯುತ್ತದೆ ಎಂದು ಬೇಕೆಂದೇ ಕಳಪೆ ಅಧ್ಯಯನ ಮಾಡಿ ಪ್ರಕಟಿಸಿದರು. 15 ಜನ, 18 ಬೇರೆಬೇರೆ ಅಳತೆ. ಇಷ್ಟು ಅಳತೆ ತೆಗೆದರೆ ಯಾವುದಾದರೊಂದು ಬರೀ ಆಕಸ್ಮಿಕವಾಗಿ ‘ಮಹತ್ವದ ಫಲಿತಾಂಶ’ವಾಗಿ ಕಾಣುವ ಸಂಭವ ಸುಮಾರು ಶೇ. 60. ಹಲವು ದೇಶಗಳ ಪತ್ರಿಕೆಗಳು ಅದನ್ನು ಅಚ್ಚು ಹಾಕಿದವು.

ಅಪರಾಧದ ಅಂಕಿಗಳು ಇನ್ನೂ ಸೂಕ್ಷ್ಮ. ಅವು ಎಣಿಸುವುದು ದಾಖಲಾದ ದೂರುಗಳನ್ನು. ಸ್ವೀಡನ್ 2005ರಲ್ಲಿ ಅತ್ಯಾಚಾರದ ಕಾನೂನು ವ್ಯಾಖ್ಯೆಯನ್ನು ವಿಸ್ತರಿಸಿತು. ಒಬ್ಬ ಸಂತ್ರಸ್ತೆಯ ಮೇಲೆ ಹಲವು ಬಾರಿ ನಡೆದದ್ದನ್ನು ಅಲ್ಲಿ ಪ್ರತಿಯೊಂದನ್ನೂ ಬೇರೆಯಾಗಿ ಎಣಿಸುತ್ತಾರೆ. ಬೇರೆ ದೇಶದ ಅಂಕಿಯ ಪಕ್ಕದಲ್ಲಿ ಅದನ್ನಿಟ್ಟು ತೀರ್ಮಾನ ಹೇಳಿದರೆ ನಾವು ಅಪರಾಧವನ್ನು ಹೋಲಿಸಿದಂತಾಗುವುದಿಲ್ಲ, ಎಣಿಸುವ ಕ್ರಮಗಳನ್ನು ಹೋಲಿಸಿದಂತಾಗುತ್ತದೆ. ಜನರಿಗೆ ದೂರು ಕೊಡುವ ಧೈರ್ಯ ಬಂದಾಗಲೂ ಅಂಕಿ ಏರುತ್ತದೆ, ಅದು ಒಳ್ಳೆಯ ಏರಿಕೆ.

ಸಿನಿಮಾ, ಹಾಡುಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ‘ಇಷ್ಟು ಕೋಟಿ ಗಳಿಕೆ’ ಎಂದರೆ ಸಾಮಾನ್ಯವಾಗಿ ಟಿಕೆಟ್ ಮಾರಾಟದ ಒಟ್ಟು ಮೊತ್ತ. ಅದರಲ್ಲಿ ತೆರಿಗೆ ಹೋಗಬೇಕು, ಚಿತ್ರಮಂದಿರದ ಪಾಲು ಹೋಗಬೇಕು, ಉಳಿದದ್ದು ವಿತರಕರಿಗೆ ಬಂದು ಆಮೇಲೆ ನಿರ್ಮಾಪಕರಿಗೆ. ಖರ್ಚಿಗಿಂತ ಒಟ್ಟು ಗಳಿಕೆ ಹೆಚ್ಚೆಂದ ಮಾತ್ರಕ್ಕೆ ಲಾಭವೆಂದು ಬರೆಯಬೇಡಿ. ಟಿಕೆಟ್ ದರ ಏರುತ್ತಲೇ ಇರುವಾಗ ಹಣದ ದಾಖಲೆ ಮುರಿಯುತ್ತಲೇ ಇರುತ್ತದೆ. ಎಷ್ಟು ಜನ ನೋಡಿದರು ಎಂಬುದೇ ಪೀಳಿಗೆಗಳ ನಡುವಿನ ನ್ಯಾಯವಾದ ಹೋಲಿಕೆ. ಇನ್ನು ವೀಕ್ಷಣೆಗಳ ಸಂಖ್ಯೆ: ಜಾಹೀರಾತಿನ ಮೂಲಕ ಕೊಂಡ ವೀಕ್ಷಣೆಗಳನ್ನು ಯೂಟ್ಯೂಬ್ ತನ್ನ ಸಂಗೀತ ಪಟ್ಟಿಗಳ ಲೆಕ್ಕದಿಂದ ತೆಗೆದದ್ದು 2019ರಲ್ಲಿ. ಅದಕ್ಕೂ ಹಿಂದಿನ ‘24 ಗಂಟೆಯ ದಾಖಲೆ’ಗಳನ್ನು ಜನಪ್ರಿಯತೆಯ ಪುರಾವೆಯಾಗಿ ಬಳಸುವ ಮುನ್ನ ಯೋಚಿಸಿ.

ಬರಹದ ನಡುವೆ ಒಬ್ಬ ನಿಜವಾದ ಮನುಷ್ಯ ಇದ್ದಾಗ ಇನ್ನಷ್ಟು ಜೋಪಾನ ಬೇಕು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರು ಬಿಟ್ಟರಷ್ಟೇ ಸಾಲದು. ವಯಸ್ಸು, ಬೀದಿ, ಓದುವ ಶಾಲೆ, ತಂದೆಯ ಉದ್ಯೋಗ ಈ ನಾಲ್ಕೂ ಒಟ್ಟಿಗೆ ಬಂದರೆ ಊರಿನವರು ಗುರುತಿಸಿಬಿಡುತ್ತಾರೆ. ಆತ್ಮಹತ್ಯೆಯ ಬಗ್ಗೆ ಬರೆಯುವಾಗ ವಿಧಾನ, ಜಾಗ, ಕೊನೆಯ ಪತ್ರದ ಸಾಲುಗಳನ್ನು ಬರೆಯಬಾರದು, ಒಂದೇ ಕಾರಣಕ್ಕೆ ಗಂಟು ಹಾಕಬಾರದು, ಸಹಾಯ ಎಲ್ಲಿ ಸಿಗುತ್ತದೆ ಎಂದು ಹೇಳಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ವಿಧಾನದ ವಿವರ ಓದಿದ, ಆಗಲೇ ಕುಗ್ಗಿರುವ ವ್ಯಕ್ತಿಯ ಮೇಲೆ ಅದು ಪರಿಣಾಮ ಬೀರುತ್ತದೆ ಎಂಬುದಕ್ಕೆ ದಶಕಗಳ ಅಧ್ಯಯನವಿದೆ. ಇದನ್ನು ಮೀರುವುದಕ್ಕೆ ಯಾವ ಬರಹಗಾರನಿಗೂ ಸಕಾರಣವಿಲ್ಲ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಇಷ್ಟೆಲ್ಲ ಮಾಡಿದ ಮೇಲೂ ತಪ್ಪು ಆಗುತ್ತದೆ. ಅದಕ್ಕಾಗಿ ಬರೆಯುವ ಹೊತ್ತಿಗೇ ಮೂಲ ಪುಟಗಳನ್ನು, ಜಾಲಪುಟಗಳ ಪ್ರತಿ ಕಾಪಿಡುವ ತಾಣವಾದ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿಡಿ. ಪೋಸ್ಟ್‌ಗಳು ಮರುದಿನ ಅಳಿದುಹೋಗುತ್ತವೆ. ತಪ್ಪು ಗೊತ್ತಾದಾಗ ಸದ್ದಿಲ್ಲದೆ ವಾಕ್ಯ ಬದಲಿಸಬೇಡಿ. ಬರಹದ ಮೇಲ್ಭಾಗದಲ್ಲೇ, ಯಾವುದು ತಪ್ಪಾಗಿತ್ತು, ಸರಿಯಾದದ್ದು ಏನು, ಯಾವಾಗ ತಿದ್ದಿದಿರಿ ಎಂದು ಬರೆಯಿರಿ. ಫಾರ್ವರ್ಡ್ ಮಾಡಿದ್ದಾದರೆ ಅದೇ ಗುಂಪಿಗೆ, ಅದೇ ಸಂದೇಶಕ್ಕೆ ಉತ್ತರವಾಗಿ ತಿದ್ದುಪಡಿ ಕಳಿಸಿ, ಆಗ ಎರಡೂ ಒಟ್ಟಿಗೆ ಕಾಣುತ್ತವೆ. ತಿದ್ದುಪಡಿಯ ಮೊದಲ ಸಾಲಿನಲ್ಲಿ ಸರಿಯಾದ ಸಂಗತಿ ಇರಲಿ, ಸುಳ್ಳು ಎರಡನೆಯ ಸಾಲಿಗೆ ಹೋಗಲಿ, ಅದೂ ಒಂದೇ ಸಲ; ಅವಸರದಲ್ಲಿ ಓದುವವರ ಕಣ್ಣಿಗೆ ಬೀಳುವುದು ಮೊದಲ ಸಾಲು ಮಾತ್ರ.