ಮಂಗ ಸತ್ತಿದೆ ಅಂತ ಮೊದಲು ಹೇಳೋರು ಯಾರು?

ಕೇಳುಗರಿಗೆ ನಮಸ್ಕಾರ. ಮಲೆನಾಡಲ್ಲಿ ಮಳೆ ನಿಂತು ದರಗು, ಅಂದ್ರೆ ಉದುರಿದ ಎಲೆ, ಒಣಗೋಕೆ ಶುರುವಾದ್ರೆ ಮಂಗನ ಕಾಯಿಲೆ ಮಾತೂ ಶುರು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ವೈರಸ್ಸು ಇದು, ರಕ್ತ ಹೀರೋ ಉಣುಗು ಕಚ್ಚಿ ಮಂಗಕ್ಕೂ ಮನುಷ್ಯನಿಗೂ ಹರಡುತ್ತೆ. ರೋಗದ ಬಗ್ಗೆ ನೀವು ಬೇಕಾದಷ್ಟು ಕೇಳಿರ್ತೀರಿ, ನಾನಿವತ್ತು ಹೇಳೋಕೆ ಹೊರಟಿರೋದು ಅದರ ಮೇಲೆ ಕಣ್ಣಿಡೋ ಸರ್ಕಾರಿ ಜನರ ಬಗ್ಗೆ.

2012ರ ಕೊನೇಲಿ ಬಂಡೀಪುರದಲ್ಲಿ ಮಂಗಗಳು ಸತ್ವು. ಅವನ್ನ ಸುಡೋ ಕೆಲಸಕ್ಕೆ ಹೋದ ಕಾಡಿನ ಕೆಲಸಗಾರರಿಗೇ ಜ್ವರ ಬಂತು. ಯಾಕಂದ್ರೆ ಮಂಗ ಸತ್ತ ಮೇಲೆ ಅದರ ಮೈಮೇಲಿನ ಉಣುಗು ಇಳಿದು ಸುತ್ತಲ ಎಲೆ ಮೇಲೆ ಇನ್ನೊಂದು ಮೈಗೆ ಕಾಯ್ತಾ ಇರುತ್ತೆ, ಮೊದಲು ಸಿಗೋದು ಹೆಣ ಎತ್ತೋಕೆ ಬಂದವನೇ. ಈಗ ನೋಡಿ, ಸತ್ತ ಜಾಗದ ಸುತ್ತ ಐವತ್ತು ಮೀಟರ್ ಉಣುಗು ಸಾಯಿಸೋ ಪುಡಿ ಎರಚಬೇಕು ಅಂತ ನಿಯಮ ಇದೆ, ಎರಚೋನ ಕೈಗೆ ಗ್ಲೌಸು, ಕಾಲಿಗೆ ಬೂಟು, ಉಣುಗು ಕಚ್ಚದಂಗೆ ಹಚ್ಕೊಳ್ಳೋಕೆ ಡೆಪಾ ಎಣ್ಣೆ ಅಕ್ಟೋಬರಲ್ಲೇ ಸಿಗಬೇಕಾ, ಇಲ್ಲಾ ಇಂಡೆಂಟು (ಸಾಮಾನು ಬೇಕು ಅನ್ನೋ ಬೇಡಿಕೆ ಪತ್ರ) ಪಾಸಾಗಿ ಜನವರೀಲಿ ಸಿಗಬೇಕಾ? ಮ್ಯಾನೇಜ್‌ಮೆಂಟ್ ಅಂದ್ರೆ ನನ್ ಪ್ರಕಾರ ಇಷ್ಟೇ ಕಣ್ರೀ, ಉಳಿದಿದ್ದೆಲ್ಲ ಮೀಟಿಂಗು.

ಇನ್ನೊಂದು ತೊಡಕು ಅಂದ್ರೆ ಕಾಡು ಅರಣ್ಯ ಇಲಾಖೆದು, ಮಂಗದ ಪೋಸ್ಟ್‌ಮಾರ್ಟಂ ಪಶುವೈದ್ಯರದು, ಮನುಷ್ಯನ ಜ್ವರ ಆರೋಗ್ಯ ಇಲಾಖೆದು, ಉಣುಗಿಗೆ ಮಾತ್ರ ಯಾವ ಇಲಾಖೆನೂ ಇಲ್ಲ. ಮೂವರೂ ಅವರವರ ಮೇಲಧಿಕಾರಿಗೆ ವರದಿ ಕಳಿಸ್ತಾ ಕೂತ್ರೆ ದಿನ ಕಳೀತದೆ, ಅಷ್ಟರಲ್ಲಿ ಅದೇ ಜಾಗಕ್ಕೆ ಯಾರೋ ದರಗು ಗುಡಿಸೋಕೆ ಹೋಗಿರ್ತಾರೆ. ಸೀಸನ್ ಮುಗಿಯೋವರೆಗಾದ್ರೂ ತಾಲೂಕಿಗೊಬ್ಬ ಅಧಿಕಾರಿ ಇರ್ಲಿ, ಅವನ ಮಾತು ಮೂರೂ ಇಲಾಖೆಯೋರು ಕೇಳ್ಲಿ, ಫೋನ್ ನಂಬರೂ ಒಂದೇ ಇರ್ಲಿ.

ಮತ್ತೆ ಹೆಣ ಮೊದಲು ನೋಡೋರು ಯಾರು? ದಿನಗೂಲಿ ವಾಚರ್ರು, ಇಲ್ಲಾ ದನ ಮೇಯಿಸೋರು. ಜ್ವರ ಮೊದಲು ಗೊತ್ತಾಗೋದು ಗೌರವಧನಕ್ಕೆ ದುಡಿಯೋ ಆಶಾ ಕಾರ್ಯಕರ್ತೆಗೆ. ಇಡೀ ವ್ಯವಸ್ಥೆ ನಿಂತಿರೋದೇ ಇವರ ಕಣ್ಮೇಲೆ, ಆದ್ರೆ ಶಿವಮೊಗ್ಗದ ಲ್ಯಾಬಿಂದ ರಿಸಲ್ಟು ಬಂದ್ರೆ ಅದು ಮೇಲೇ ಹೋಗುತ್ತೆ, ಇವರ ತನಕ ಇಳಿಯೋದು ಎಷ್ಟು ಸಲ? "ನೀ ಹೇಳಿದ ಮಂಗದಲ್ಲಿ ವೈರಸ್ ಇತ್ತು", "ಇರ್ಲಿಲ್ಲ" ಅಂತ ಒಂದು ಫೋನು ಮಾಡಿ ಸಾಕು, ಮುಂದಿನ ಸಲ ಅವನೇ ಹುಡುಕ್ಕೊಂಡು ಬಂದು ಹೇಳ್ತಾನೆ. ಯಾರೂ ವಿಚಾರಿಸ್ಲಿಲ್ಲ ಅಂದ್ರೆ ನೋಡಿಯೂ ನೋಡದಂಗೆ ಹೋಗ್ತಾನೆ, ಅವನನ್ನ ಬೈಯೋಕೆ ನನಗಂತೂ ಬಾಯಿ ಬರಲ್ಲ.

2018ರ ಕೊನೆಗೆ ಸಾಗರ ತಾಲೂಕಿನ ಅರಳಗೋಡು ಕಡೆ ಕಾಯಿಲೆ ಜೋರಾದಾಗ ಲಸಿಕೆ ಹಾಕಿಸೋ ಗಡಿಬಿಡಿ ಇತ್ತು. ಆ ಹಳೇ ಲಸಿಕೆ ಕೊಡೋದು 2022ರಲ್ಲಿ ನಿಂತೋಯ್ತು. ಅಂದ್ಮೇಲೆ ಈಗ ಕಣ್ಣಿಟ್ಟು ಕಾಯೋ ಈ ಜನರೇ ಗತಿ, ಹಾಗಾಗಿ ಟ್ರೈನಿಂಗು ಮಳೆಗಾಲದಲ್ಲೇ ಮುಗೀಲಿ, ಕಲಿತವರನ್ನ ಮೇ ತನಕ ಟ್ರಾನ್ಸ್‌ಫರ್ ಮಾಡಬೇಡಿ.