ಕೇಸು ನಾಯಕರ ಮೇಲೆ, ಬಂದ್ ನಮ್ಮ ಮೇಲೆ

[ದೃಶ್ಯ: ಶಿವಮೊಗ್ಗದ ಗೋಪಿ ಸರ್ಕಲ್. ನಿರೂಪಕಿ ನೇರ ಕ್ಯಾಮೆರಾ ನೋಡಿ.]

ನಮಸ್ಕಾರ. ತೀರ್ಥಹಳ್ಳಿ ಕಡೆ ಯಾರೋ ಒಬ್ಬರು, ಅಪರಾಧ ಮಾಡಿದವನು ಅಂತ ಗೊತ್ತಿದ್ದೂ ಒಬ್ಬನನ್ನು ತಮ್ಮ ತೋಟದ ಮನೆಯಲ್ಲಿ ಬಚ್ಚಿಟ್ಟರು ಅಂದುಕೊಳ್ಳಿ. ಬಚ್ಚಿಟ್ಟವರ ಮೇಲೂ ಕೇಸ್ ಬೀಳುತ್ತದೆ. ಭಾರತೀಯ ನ್ಯಾಯ ಸಂಹಿತೆ, 249ನೇ ಸೆಕ್ಷನ್. ಗಂಡ ಹೆಂಡತಿಗೆ ಮಾತ್ರ ವಿನಾಯಿತಿ. ಅಣ್ಣತಮ್ಮಂದಿರಿಗೂ ಇಲ್ಲ.

ಸರಿ. ಆರೋಪ ಹೊತ್ತ ನಾಯಕರನ್ನು ಒಂದು ಪಕ್ಷವೇ ಕಾಪಾಡಿದರೆ? ತೋಟದ ಮನೆಯಲ್ಲಲ್ಲ, ಸಂಪುಟದ ನಿರ್ಣಯದ ಹಿಂದೆ? ಅದಕ್ಕೆ ಯಾವ ಸೆಕ್ಷನ್ನೂ ಇಲ್ಲ.

[ತೆರೆಯ ಮೇಲೆ: 2011]

ಆಗ ನಮ್ಮ ಶಿಕಾರಿಪುರದ ಯಡಿಯೂರಪ್ಪ ಮುಖ್ಯಮಂತ್ರಿ. ಡಿನೋಟಿಫಿಕೇಶನ್ ಆರೋಪ, ಅಂದರೆ ಸರ್ಕಾರ ಸ್ವಾಧೀನಕ್ಕೆ ಗೊತ್ತುಮಾಡಿದ ಜಮೀನನ್ನು ಅಕ್ರಮವಾಗಿ ಕೈಬಿಟ್ಟ ಆರೋಪ. ಕೇಸ್ ನಡೆಸಲು ರಾಜ್ಯಪಾಲರ ಅನುಮತಿ ಬೇಕು. ಕೊಡಬೇಡಿ ಅಂತ ಸಂಪುಟ ಹೇಳಿತು. ಜನವರಿಯಲ್ಲಿ ರಾಜ್ಯಪಾಲ ಎಚ್.ಆರ್. ಭಾರದ್ವಾಜ್ ಕೊಟ್ಟೇಬಿಟ್ಟರು. ಮರುದಿನವೇ ರಾಜ್ಯ ಬಂದ್. ಕರೆ ಕೊಟ್ಟಿದ್ದು ವಿರೋಧ ಪಕ್ಷ ಅಲ್ಲ, ಆಡಳಿತ ನಡೆಸುತ್ತಿದ್ದ ಬಿಜೆಪಿ! ಬಂದ್ ಅಂದರೆ ಅಡಿಕೆ ಮಂಡಿಯ ಹಮಾಲಿಗೆ ಅವತ್ತಿನ ಕೂಲಿ ಖೋತಾ. ಅವರಿಗೂ ಆ ಕೇಸಿಗೂ ಏನು ಸಂಬಂಧ ಹೇಳಿ.

[ತೆರೆಯ ಮೇಲೆ: 2024]

ಈಗ ಕಾಂಗ್ರೆಸ್ ಸರದಿ. ಮುಡಾ, ಅಂದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ ಸೈಟು ವಿಚಾರ, ಮುಖ್ಯಮಂತ್ರಿ ಸಿದ್ದರಾಮಯ್ಯ. ಕೇಸಿಗೆ ಅನುಮತಿ ಯಾಕೆ ಕೊಡಬಾರದು ಅಂತ ರಾಜ್ಯಪಾಲರು ಅವರಿಗೆ ನೋಟಿಸ್ ಕೊಟ್ಟರು. ಅದನ್ನು ವಾಪಸ್ ತಗೊಳ್ಳಿ ಅಂತ ಸಂಪುಟದ ಸಲಹೆ. ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ ಆಗಸ್ಟ್ 17ರಂದು ಅನುಮತಿ ಕೊಟ್ಟರು. ಪಕ್ಷ ಬೀದಿಗಿಳಿಯಿತು. ಸೆಪ್ಟೆಂಬರ್ 24ಕ್ಕೆ ಹೈಕೋರ್ಟ್ ತನಿಖೆಗೆ ದಾರಿ ಬಿಟ್ಟಿತು. ಎರಡೇ ದಿನದಲ್ಲಿ ಸಂಪುಟ ಸೇರಿ, ಸಿಬಿಐಗೆ ಕೊಟ್ಟಿದ್ದ ಸಾಮಾನ್ಯ ಒಪ್ಪಿಗೆಯನ್ನು, ಅಂದರೆ ಪ್ರತಿ ಕೇಸಿಗೂ ಕೇಳದೆ ರಾಜ್ಯದಲ್ಲಿ ತನಿಖೆ ಮಾಡೋ ಅನುಮತಿಯನ್ನು, ವಾಪಸ್ ಪಡೆಯಿತು. ಸಿಬಿಐ ಪಕ್ಷಪಾತ ಮಾಡುತ್ತೆ ಅನ್ನೋದು ಸರ್ಕಾರದ ಕಾರಣ. ಆ ಮಾತಲ್ಲಿ ಹುರುಳೇ ಇಲ್ಲ ಅನ್ನಲ್ಲ. ಆದರೆ ಟೈಮಿಂಗ್ ನೋಡಿ.

ರಾಜ್ಯಪಾಲರೂ ರಾಜಕೀಯ ಮಾಡುತ್ತಾರೆ, ಅದು ಗುಟ್ಟೇನಲ್ಲ. ಅದಕ್ಕೆ ಉತ್ತರ ಕೋರ್ಟಿನಲ್ಲಿದೆ, ಬೀದಿಯಲ್ಲಿ ಅಲ್ಲ.

ಮುಂದೇನಾಯ್ತು ಗೊತ್ತಾ? 2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಅಕ್ರಮ ಗಣಿಗಾರಿಕೆ ವರದಿ ಬಂತು, ಅದರಲ್ಲಿ ಯಡಿಯೂರಪ್ಪ ಹೆಸರೂ ಇತ್ತು. ಜನವರಿಯಲ್ಲಿ ಬಂದ್ ಮಾಡಿದ ಪಕ್ಷವೇ ರಾಜೀನಾಮೆ ಕೇಳಿತು. ಮನಸ್ಸು ಮಾಡಿದರೆ ಹೈಕಮಾಂಡ್‌ಗೆ ಆಗುತ್ತೆ ಅಂತಾಯ್ತು. ಯಡಿಯೂರಪ್ಪ ಕೆಳಗಿಳಿದರು, ಜೈಲಿಗೂ ಹೋದರು, 2016ರಲ್ಲಿ ಗಣಿ ಕಿಕ್‌ಬ್ಯಾಕ್ ಕೇಸಿನಲ್ಲಿ ಸಿಬಿಐ ವಿಶೇಷ ಕೋರ್ಟ್‌ನಿಂದ ಖುಲಾಸೆಯಾದರು, ಮತ್ತೆ ಮುಖ್ಯಮಂತ್ರಿಯೂ ಆದರು. ಮುಡಾದಲ್ಲೂ 2025ರ ಫೆಬ್ರವರಿಯಲ್ಲಿ ಸಾಕ್ಷ್ಯ ಇಲ್ಲ ಅಂದರು ಲೋಕಾಯುಕ್ತ ಪೊಲೀಸರು. ತನಿಖೆ ಎದುರಿಸಿದ್ದಕ್ಕೆ ಇಬ್ಬರ ರಾಜಕೀಯವೂ ಮುಗಿಯಲಿಲ್ಲ. ಹಾಗಾದ್ರೆ ಅಷ್ಟೆಲ್ಲ ರಂಪ ಯಾಕೆ ಬೇಕಿತ್ತು?

ಪಕ್ಷದ ಮುಖಂಡರನ್ನು ಹೊಣೆ ಮಾಡೋ ದಾರಿ ಒಂದಿದೆ, ಸಣ್ಣದು.

[ದೃಶ್ಯ: ಸಿ-7 ಫಾರಂ, ಕ್ಲೋಸಪ್]

ಇದು ಸಿ-7, ಚುನಾವಣಾ ಆಯೋಗದ ಫಾರಂ. ಕ್ರಿಮಿನಲ್ ಕೇಸ್ ಇರೋರಿಗೆ ಟಿಕೆಟ್ ಕೊಟ್ಟರೆ, 48 ಗಂಟೆಯೊಳಗೆ ಪಕ್ಷ ಕಾರಣ ಪ್ರಕಟಿಸಬೇಕು. 2020ರ ಫೆಬ್ರವರಿಯ ಸುಪ್ರೀಂ ಕೋರ್ಟ್ ಆದೇಶ. ಕೇಸ್ ಇಲ್ಲದ ಬೇರೆ ಯಾರೂ ಯಾಕೆ ಸಿಗಲಿಲ್ಲ ಅಂತಲೂ ಬರೀಬೇಕು. 'ಗೆಲ್ಲೋ ಕುದುರೆ' ಅನ್ನೋದು ಕಾರಣ ಅಲ್ಲ ಅಂತ ಕೋರ್ಟೇ ಹೇಳಿದೆ. ಪಕ್ಷಗಳು ಏನು ಬರೀತಾವೆ? 'ಜನಪ್ರಿಯರು, ಸಮಾಜ ಸೇವಕರು, ಕೇಸ್ ರಾಜಕೀಯ ಪ್ರೇರಿತ.' ಹೆಸರು ಬದಲಾಗುತ್ತೆ, ವಾಕ್ಯ ಅದೇ.

ಬಿಹಾರ ಚುನಾವಣೆಯಲ್ಲಿ ಆದೇಶ ಪಾಲಿಸದ ಎಂಟು ಪಕ್ಷಗಳಿಗೆ 2021ರಲ್ಲಿ ದಂಡ ಬಿತ್ತು. ಆರಕ್ಕೆ ತಲಾ 1 ಲಕ್ಷ, ಎರಡಕ್ಕೆ ತಲಾ 5 ಲಕ್ಷ ರೂಪಾಯಿ. ಕಟ್ಟಬೇಕಾದ್ದು ಪಕ್ಷ. ಟಿಕೆಟ್ ಕೊಟ್ಟ ಅಧ್ಯಕ್ಷರ ಜೇಬಿನಿಂದ ನಯಾಪೈಸೆ ಹೋಗಲ್ಲ.

ಸಾಗರ, ಸೊರಬ, ಭದ್ರಾವತಿ, ಎಲ್ಲೇ ಇರಿ. ಮುಂದಿನ ಸಲ ಟಿಕೆಟ್ ಘೋಷಣೆ ಆದಾಗ ಪಕ್ಷದ ವೆಬ್‌ಸೈಟಿಗೆ ಹೋಗಿ ಸಿ-7 ಹುಡುಕಿ. ಕಾರಣದ ಕಾಲಂ ಓದಿ. ಆಮೇಲೆ ವೋಟು ಕೇಳಲು ಬಂದ ತಾಲ್ಲೂಕು ಅಧ್ಯಕ್ಷರ ಕೈಗೆ ಆ ಪ್ರಿಂಟ್ ಕೊಟ್ಟು, ಜೋರಾಗಿ ಓದಿ ಸ್ವಾಮಿ ಅನ್ನಿ.